ಖಾಲಿ ತೋಟಾಗಳ ತಳ ನೋಡುತ್ತಾ

ನಮ್ಮ ಮನೆಯಿಂದ ಎರಡು ಮನೆಯಾಚೆ ಒಬ್ಬ ಹಿರಿಯರಿದ್ದಾರೆ. ಎಂಬತ್ತು ಸಮೀಪಿಸಿರುವ ವಯಸ್ಸು. ಜೀವಮಾನವಿಡೀ ಲೇತ್ ಯಂತ್ರದ ಮುಂದೆ ನಿಂತು ದುಡಿದು ನಿವೃತ್ತರಾದವರು. ಹಿಮ ಬಿದ್ದಾಗ ಅವರ ಮನೆ ಮುಂದಿನ ದಾರಿಯನ್ನು ನಾನು ತೆರವು ಮಾಡಿಕೊಡುವುದು, ಬೇಸಿಗೆಯಲ್ಲಿ ಅವರು ಹಿತ್ತಿಲಿನ ಟೊಮೆಟೊ ತಂದುಕೊಡುವುದು, ಇಷ್ಟೇ ನಮ್ಮ ಒಡನಾಟವಾಗಿತ್ತು. ಕಳೆದ ಚಳಿಗಾಲದಲ್ಲಿ ಅವರ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಒಂದು ಶನಿವಾರ ಫೋನ್ ಮಾಡಿ, "ನಿನ್ನ ಕಣ್ಣು ಇನ್ನೂ ಚೆನ್ನಾಗಿದೆ, ಒಂದು ಗಂಟೆ ಹೊತ್ತು ಬಂದು ಹೋಗು" ಎಂದರು. ಹೋದೆ. ನೆಲಮಾಳಿಗೆಯ ಮೇಜಿನ ಮೇಲೆ ಮೂರು ದೊಡ್ಡ ಕಾಫಿ ಡಬ್ಬಗಳ ತುಂಬ ಹಿತ್ತಾಳೆಯ ಪುಟ್ಟ ಕೊಳವೆಗಳು. ಪಿಸ್ತೂಲಿನಿಂದ ಹಾರಿಸಿ ಬಿಟ್ಟ ಖಾಲಿ ತೋಟಾಗಳು. ಅವರ ಗುರಿ ಅಭ್ಯಾಸದ ಕ್ಲಬ್ಬಿನಲ್ಲಿ ನೆಲದಿಂದ ಆಯ್ದು ತಂದವು. ಅವನ್ನು ತೊಳೆದು, ಹೊಸ ಮದ್ದು ಹಾಕಿ, ಹೊಸ ಗುಂಡು ಕೂರಿಸಿ ಮತ್ತೆ ಬಳಸುವುದು ಅವರ ಐವತ್ತು ವರ್ಷದ ಹವ್ಯಾಸ.

ನನ್ನ ಕೆಲಸ ಸರಳ. ಎಲ್ಲವೂ .45 ಅಳತೆಯವೇ, ಎತ್ತರ ದಪ್ಪ ಎಲ್ಲ ಒಂದೇ. ಆದರೆ ತಿರುಗಿಸಿ ತಳ ನೋಡಿದರೆ ನಡುವಿನ ಬಿಲ್ಲೆ ಕೆಲವದರಲ್ಲಿ ದೊಡ್ಡದು, ಕೆಲವದರಲ್ಲಿ ಚಿಕ್ಕದು. ಆ ಬಿಲ್ಲೆಗೆ ಪ್ರೈಮರ್ ಎಂದು ಹೆಸರು. ದೊಡ್ಡದರ ಅಡ್ಡಳತೆ 0.210 ಅಂಗುಲ, ಚಿಕ್ಕದರದು 0.175 ಅಂಗುಲ. ನಡುವಿನ ವ್ಯತ್ಯಾಸ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ದೊಡ್ಡವನ್ನು ಎಡಕ್ಕೆ, ಚಿಕ್ಕವನ್ನು ಬಲಕ್ಕೆ ಹಾಕಬೇಕು. ತಪ್ಪಿದರೆ? ದೊಡ್ಡ ಗುಳಿಯಲ್ಲಿ ಚಿಕ್ಕ ಪ್ರೈಮರ್ ನಿಲ್ಲದೆ ಉದುರುತ್ತದೆ. ಚಿಕ್ಕ ಗುಳಿಗೆ ದೊಡ್ಡದನ್ನು ಯಂತ್ರ ಬಲವಂತವಾಗಿ ಒತ್ತಿದರೆ ಅದು ಜಜ್ಜಿಹೋಗುತ್ತದೆ. ಗ್ರಹಚಾರ ಕೆಟ್ಟಿದ್ದರೆ ಅಲ್ಲೇ ಸಿಡಿಯುತ್ತದೆ. ಅದಕ್ಕೇ ಹಿರಿಯರು ನನಗೆ ಮೊದಲು ಕೊಟ್ಟದ್ದು ಕಣ್ಣಿಗೆ ಹಾಕುವ ಪ್ಲಾಸ್ಟಿಕ್ ಕನ್ನಡಕ, ಆಮೇಲೆ ಕಾಫಿ.

ಗುಂಡು ಮದ್ದಿನ ವಿಷಯ ನಮ್ಮ ಬಳಗದ ಈ ಪತ್ರಿಕೆಗೆ ಒಪ್ಪುತ್ತದೆಯೇ ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮ ಮಕ್ಕಳು ಶಾಲೆಯಲ್ಲಿ ಬಾಗಿಲು ಹಾಕಿಕೊಂಡು ಮೇಜಿನಡಿ ಕೂರುವ ಅಭ್ಯಾಸ ಮಾಡುವ ದೇಶದಲ್ಲಿ ಇದು ಹಗುರಾದ ವಿಷಯವೇನಲ್ಲ, ಒಪ್ಪುತ್ತೇನೆ. ನಾನು ಬಂದೂಕು ಇಟ್ಟುಕೊಂಡವನಲ್ಲ, ಇಟ್ಟುಕೊಳ್ಳುವ ಆಸೆಯೂ ಇಲ್ಲ. ಆದರೆ ಎಡ ಬಲ ಎಡ ಬಲ ಎಂದು ಒಂದೂವರೆ ಗಂಟೆ ಕೊಳವೆ ಎಸೆಯುತ್ತಾ ಕೂತವನಿಗೆ ಒಂದು ಪ್ರಶ್ನೆ ಅಂಟಿಕೊಂಡಿತು. ಒಂದೇ ತೋಟಾಕ್ಕೆ ಎರಡು ಅಳತೆಯ ತಳ ಯಾಕೆ? ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದವರು ಒಬ್ಬ ಪಾದ್ರಿ, ಒಬ್ಬ ಚಿತ್ರಕಾರ, ಒಬ್ಬ ಬೀಗ ಮುರಿಯುವವ ಮತ್ತು ಒಬ್ಬ ಕವಿಯ ತಾತ! ಅವರಲ್ಲಿ ಹೆಚ್ಚಿನವರು ನಾವು ದಿನವೂ ಕಾರು ಓಡಿಸುವ ಈ ಸುತ್ತಮುತ್ತಲಿನವರೇ.

ಮೊದಲು ನಮ್ಮ ಊರಿನ ಮಾತು. ಮಲೆನಾಡಿನವರಿಗೆ ಕೇಪಿನ ಕೋವಿ, ತೋಟಾ ಕೋವಿ ಎಂಬ ಎರಡು ಜಾತಿ ಗೊತ್ತು. ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರೋ ಚಿಂದಿಯೋ ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಹಿಂದಿನ ಮೊಲೆಯ ಮೇಲೆ ತಾಮ್ರದ ಪುಟ್ಟ ಟೋಪಿ ಇಡಬೇಕು. ಆ ಟೋಪಿಯೇ ಕೇಪು. ಕುದುರೆ ಬಿದ್ದಾಗ ಕೇಪು ಚಟ್ಟೆಂದು ಕಿಡಿ ಕೊಡುತ್ತದೆ, ಮದ್ದು ಹೊತ್ತುತ್ತದೆ, ಈಡು ಹಾರುತ್ತದೆ. ತೋಟಾ ಕೋವಿಯಲ್ಲಿ ಈ ಮದ್ದು, ಚರೆ, ಕೇಪು ಎಲ್ಲವೂ ಒಂದೇ ಕೊಳವೆಯೊಳಗೆ ಸಂಸಾರ ಹೂಡಿವೆ. ಅಂದರೆ ನಾನು ಮೇಜಿನ ಮೇಲೆ ನೋಡುತ್ತಿದ್ದ ಪ್ರೈಮರ್ ಬೇರೇನೂ ಅಲ್ಲ, ನಮ್ಮ ಕೇಪೇ ಕೊಳವೆಯ ತಳಕ್ಕೆ ಬಂದು ಕೂತಿದೆ.

ಈ ಕೇಪಿನ ಮೂಲಪುರುಷ ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಊರಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್. ಬಾತುಕೋಳಿ ಬೇಟೆಯ ಹುಚ್ಚಿನವನು. ಚಕಮಕಿ ಕಲ್ಲಿನ ಬಂದೂಕಿನಲ್ಲಿ ಕಿಡಿ ಮೊದಲು ಮಿನುಗಿ, ಗುಂಡು ಆಮೇಲೆ ಹೊರಡುತ್ತಿತ್ತು. ಆ ಮಿನುಗಿಗೇ ಹಕ್ಕಿ ಎದ್ದು ಹಾರಿಹೋಗುತ್ತಿತ್ತು. ಬಡಿದರೆ ತಾನೇ ಸಿಡಿಯುವ ರಾಸಾಯನಿಕದಿಂದ ಮದ್ದಿಗೆ ಬೆಂಕಿ ಮುಟ್ಟಿಸುವ ಉಪಾಯ ಮಾಡಿ 1807ರಲ್ಲಿ ಅವನು ಪೇಟೆಂಟ್ ಪಡೆದ. ಆ ಮದ್ದನ್ನು ತಾಮ್ರದ ಟೋಪಿಯೊಳಗೆ ಅಂಟಿಸಿದವನು ತಾನು ಎಂದು ಹೇಳಿಕೊಂಡವರು ಹಲವರು. ಅವರಲ್ಲಿ ಅಮೆರಿಕದಲ್ಲಿ ಹೆಚ್ಚು ಹೆಸರಾದವನು ಜೋಶುವಾ ಶಾ. ಇವನು ಇಂಗ್ಲೆಂಡಿನಿಂದ 1817ರಲ್ಲಿ ಫಿಲಡೆಲ್ಫಿಯಕ್ಕೆ ವಲಸೆ ಬಂದ ನಿಸರ್ಗ ಚಿತ್ರಕಾರ. 1822ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. ಆದರೆ ಇಂಗ್ಲೆಂಡಿನಲ್ಲಿ ಅದಾಗಲೇ ಬಳಕೆಗೆ ಬಂದುಬಿಟ್ಟಿತ್ತೆಂಬ ಕಾರಣಕ್ಕೆ 1833ರಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಶಾ ಕೊನೆಗಾಲ ಕಳೆದದ್ದು ನಮ್ಮ ನ್ಯೂಜೆರ್ಸಿಯ ಬಾರ್ಡನ್‌ಟೌನಿನಲ್ಲಿ, 1860ರಲ್ಲಿ ಕಣ್ಣು ಮುಚ್ಚಿದ್ದು ಬರ್ಲಿಂಗ್ಟನ್ನಿನಲ್ಲಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸಂಗ್ರಹದಲ್ಲಿ ಅವನದೊಂದು ಚಿತ್ರವಿದೆ. ಮಹಾಪ್ರಳಯದ ನೀರು ಇಳಿಯುವ ಹೊತ್ತಿನ ಚಿತ್ರ. ಅದರ ಮುಂದೆ ನಿಂತವರಿಗೆ ಇವನಿಗೂ ಕೇಪಿಗೂ ಸಂಬಂಧವಿದೆಯೆಂದು ಹೊಳೆಯುವ ಹಾಗಿಲ್ಲ.

ಕೇಪು ಬಂದದ್ದರಿಂದಲೇ ತಿರುಗುವ ಪಿಸ್ತೂಲು ಬಂತು. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ತನ್ನ ಮೊದಲ ಕಾರ್ಖಾನೆ ತೆರೆದದ್ದು ಪ್ಯಾಟರ್ಸನ್ನಿನಲ್ಲಿ, ಜಲಪಾತದ ಹತ್ತಿರ. ವ್ಯಾಪಾರ ಕುದುರದೆ 1842ರಲ್ಲಿ ಮುಚ್ಚಿಹೋಯಿತು. ನಾವು ಊರಿಂದ ಬಂದ ನೆಂಟರನ್ನು ಆ ಜಲಪಾತ ತೋರಿಸಲು ಕರೆದೊಯ್ಯುತ್ತೇವಲ್ಲ, ಆಗ ಸ್ವಲ್ಪ ಆಚೆಗಿರುವ ಪ್ಯಾಟರ್ಸನ್ ಮ್ಯೂಸಿಯಮ್ಮಿಗೂ ಹೋದರೆ ಆ ಕಾಲದ ಕೋಲ್ಟ್‌ಗಳನ್ನು ನೋಡಬಹುದು.

ಇನ್ನು ಮುಖ್ಯ ಕಥೆ. 1866ನೇ ಇಸವಿ. ಅಮೆರಿಕದ ಅಂತರ್ಯುದ್ಧ ಮುಗಿದು ಒಂದು ವರ್ಷ. ಲೋಹದ ಕೊಳವೆಯ ತೋಟಾ ಬರುವುದು ಖಚಿತವಾಗಿತ್ತು, ಅದರೊಳಗೆ ಕೇಪನ್ನು ಎಲ್ಲಿ ಹೇಗೆ ಇಡುವುದೆಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ. ಕೇಪು ಸಿಡಿಯಬೇಕಾದರೆ ಸುತ್ತಿಗೆ ಮಾತ್ರ ಸಾಲದು, ಅಡಿಗಲ್ಲೂ ಬೇಕಷ್ಟೆ? ಆ ಅಡಿಗಲ್ಲು ಕೊಳವೆಗೆ ಸೇರಿರಬೇಕೋ ಕೇಪಿಗೆ ಸೇರಿರಬೇಕೋ ಎಂಬುದೇ ತಕರಾರು. ಆ ವರ್ಷದ ಮಾರ್ಚ್ 20ರಂದು ಹೈರಮ್ ಬರ್ಡನ್ ಎಂಬಾತ ಪೇಟೆಂಟ್ ಪಡೆದ. ನ್ಯೂಯಾರ್ಕ್ ರಾಜ್ಯದ ಫೆಲ್ಪ್ಸ್ ಎಂಬ ಊರಲ್ಲಿ ಹುಟ್ಟಿ, ನ್ಯೂಯಾರ್ಕ್ ನಗರದಲ್ಲಿ ಎಂಜಿನಿಯರ್ ಆಗಿದ್ದವನು. ಯುದ್ಧಕಾಲದಲ್ಲಿ ಹಸಿರು ಸಮವಸ್ತ್ರ ತೊಟ್ಟ ಗುರಿಕಾರರ ಪಡೆ ಕಟ್ಟಿ ಹೆಸರಾದವನು. ಅವನ ಲೆಕ್ಕದಲ್ಲಿ ಅಡಿಗಲ್ಲು ಕೊಳವೆಯ ತಳದಲ್ಲೇ ಎದ್ದು ನಿಂತ ಒಂದು ಮೊನೆ. ಅದರ ಅಕ್ಕಪಕ್ಕ ಎರಡು ಸಣ್ಣ ತೂತು, ಬೆಂಕಿ ಒಳಗೆ ಹೋಗಲು. ಅದೇ ವರ್ಷ ಅಕ್ಟೋಬರ್ 13ರಂದು ಇಂಗ್ಲೆಂಡಿನ ವುಲಿಚ್ ಶಸ್ತ್ರಾಗಾರದ ಎಡ್ವರ್ಡ್ ಬಾಕ್ಸರ್ ಇನ್ನೊಂದು ಪೇಟೆಂಟ್ ಪಡೆದ. ಅವನದರಲ್ಲಿ ಅಡಿಗಲ್ಲು ಕೇಪಿನೊಳಗೇ ಇರುತ್ತದೆ, ಕೊಳವೆಯ ತಳದ ನಡುಮಧ್ಯೆ ಒಂದೇ ತೂತು.

ಇದರಲ್ಲೇನು ಮಹಾ ವ್ಯತ್ಯಾಸ ಅನ್ನಿಸಬಹುದು. ಹಾರಿಸುವಾಗ ಏನೂ ಇಲ್ಲ. ಹಾರಿಸಿದ ಮೇಲೆ ಇದೆ. ಬಾಕ್ಸರನ ತೋಟಾದಲ್ಲಿ ಸುಟ್ಟ ಕೇಪನ್ನು ತೆಗೆಯಲು ಮೇಲಿನಿಂದ ಒಂದು ಕಡ್ಡಿ ತೂರಿಸಿ ಒತ್ತಿದರೆ ಸಾಕು, ನಡುತೂತಿನಲ್ಲಿ ಹಾದು ಕೇಪನ್ನು ಹೊರಗೆ ತಳ್ಳುತ್ತದೆ. ಬರ್ಡನ್ನನದರಲ್ಲಿ ನಡುವೆ ಮೊನೆ ಅಡ್ಡವಿದೆ. ತೂತುಗಳೋ ಓರೆಗೆ, ಅವೂ ಸಣ್ಣವು. ಕೊಕ್ಕೆ ಹಾಕಿ ಮೀಟಬೇಕು, ಇಲ್ಲವೇ ಕೊಳವೆಗೆ ನೀರು ತುಂಬಿ ಒತ್ತಡ ಕೊಟ್ಟು ಹೊರಡಿಸಬೇಕು. ಎಂದರೆ ಒಂದು ಮತ್ತೆ ತುಂಬಿಸಿಕೊಳ್ಳುವವನ ತೋಟಾ, ಇನ್ನೊಂದು ಹಾರಿಸಿ ಎಸೆಯುವವನ ತೋಟಾ. ಸೈನ್ಯಗಳಿಗೆ ಬರ್ಡನ್ ಒಪ್ಪಿತು, ಏಕೆಂದರೆ ಕೇಪಿನೊಳಗೆ ಇನ್ನೊಂದು ಚೂರು ಕೂರಿಸುವ ಕೆಲಸ ಕಾರ್ಖಾನೆಗೆ ಉಳಿಯಿತು. ಯುದ್ಧದಲ್ಲಿ ಖಾಲಿ ತೋಟಾ ಹೆಕ್ಕುವವರು ಯಾರು? ಆದರೆ ಅಮೆರಿಕದ ಪಶ್ಚಿಮದ ಒಂಟಿಮನೆಯವನಿಗೆ, ಪೇಟೆಯಿಂದ ವಾರದ ದಾರಿ ದೂರದ ಬೇಟೆಗಾರನಿಗೆ, ಹಿತ್ತಾಳೆಯೇ ಬಂಡವಾಳ. ಸೀಸ ಕರಗಿಸಿ ಗುಂಡು ಎರಕ ಹೊಯ್ಯಬಹುದು, ಮದ್ದು ಅಳೆದು ಹಾಕಬಹುದು, ಕೊಳವೆ ಮಾಡಲಾಗದು.

ಹೀಗೆ ಇಂಗ್ಲಿಷಿನವನ ಕೇಪು ಅಮೆರಿಕಕ್ಕೆ ಬಂದು ಇಲ್ಲಿಯ ಪ್ರಜೆಯಾಯಿತು. ನ್ಯೂಯಾರ್ಕಿನವನ ಕೇಪು ಹಡಗು ಹತ್ತಿ ಯುರೋಪು, ರಷ್ಯಗಳಲ್ಲಿ ನೆಲೆಯೂರಿತು. ಬರ್ಡನ್ನೂ ಅದರ ಹಿಂದೆ ಹೋದ. ಅವನ ಬಂದೂಕನ್ನು ಕೊಂಡವರು ರಷ್ಯದವರು. 1869ರಲ್ಲಿ ಪೀಟರ್ಸ್‌ಬರ್ಗಿಗೆ ಹೋದವನು ವರ್ಷಗಟ್ಟಲೆ ಹೊರದೇಶದಲ್ಲೇ ಉಳಿದ. ಮರಳಿ ಬಂದು ತನ್ನ ಸರ್ಕಾರದ ಮೇಲೇ ದಾವೆ ಹೂಡಿದ. ಸೈನ್ಯದ ಸ್ಪ್ರಿಂಗ್‌ಫೀಲ್ಡ್ ಬಂದೂಕಿನಲ್ಲಿ ತನ್ನ ಯಂತ್ರಭಾಗ ಬಳಸಿ ಹಣ ಕೊಟ್ಟಿಲ್ಲವೆಂದು. ಸುಪ್ರೀಂ ಕೋರ್ಟು 1895ರಲ್ಲಿ ಅವನ ಕಂಪನಿಯ ಪರವಾಗಿ ತೀರ್ಪಿತ್ತಿತು. ಅವನು ಸತ್ತು ಅಷ್ಟರಲ್ಲಿ ಎರಡು ವರ್ಷವಾಗಿತ್ತು.

ಇಲ್ಲಿ ತೋಟಾದ ವ್ಯಾಪಾರ ಬೆಳೆಸಿದವರ ಕಥೆಯೂ ಸ್ವಾರಸ್ಯದ್ದು. ನ್ಯೂಯಾರ್ಕಿನ ಮೇಡನ್ ಲೇನಿನ ವರ್ತಕ ಮಾರ್ಸೆಲಸ್ ಹಾರ್ಟ್ಲಿ 1867ರಲ್ಲಿ ಕನೆಕ್ಟಿಕಟ್ಟಿನ ಬ್ರಿಜ್‌ಪೋರ್ಟಿನಲ್ಲಿ ಯೂನಿಯನ್ ಮೆಟಾಲಿಕ್ ಕಾರ್ಟ್ರಿಜ್ ಕಂಪನಿ ಕಟ್ಟಿದ. ಅಲ್ಲಿ ಕೆಲಸದ ಉಸ್ತುವಾರಿಗೆ ಬಂದವನು ಆಲ್ಫ್ರೆಡ್ ಹಾಬ್ಸ್. ಯಾರಿವನು ಅಂದರೆ, 1851ರ ಲಂಡನ್ ಮಹಾಪ್ರದರ್ಶನದ ಕಾಲದಲ್ಲಿ ಯಾರಿಂದಲೂ ತೆರೆಯಲಾಗದೆಂದು ಪಂಥ ಕಟ್ಟಿದ್ದ ಚಬ್ ಮತ್ತು ಬ್ರಾಮಾ ಬೀಗಗಳನ್ನು ಕಡ್ಡಿ ಆಡಿಸಿ ತೆರೆದು ಇಂಗ್ಲೆಂಡನ್ನು ಬೆಚ್ಚಿಬೀಳಿಸಿದವನು! ಕೂದಲೆಳೆಯ ಅಂತರ ಬೆರಳಲ್ಲೇ ತಿಳಿಯುವವನಿಗೆ ಕೇಪಿನ ಗುಳಿ ತಕ್ಕ ಕೆಲಸವೇ. ಹಾರ್ಟ್ಲಿಯ ಕಂಪನಿ ಮುಂದೆ 1912ರಲ್ಲಿ ರೆಮಿಂಗ್ಟನ್ ಜೊತೆ ಒಂದಾಯಿತು. ಮೊಮ್ಮಗ ಮಾರ್ಸೆಲಸ್ ಹಾರ್ಟ್ಲಿ ಡಾಡ್ಜ್ ಬಾಳಿದ್ದು ನ್ಯೂಜೆರ್ಸಿಯ ಮ್ಯಾಡಿಸನ್ನಿನಲ್ಲಿ. ತಾತನ ನೆನಪಿಗೆ ಅವನು ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಕಟ್ಟಿಸಿಕೊಟ್ಟ ಹಾಸ್ಟೆಲ್ಲೇ ಹಾರ್ಟ್ಲಿ ಹಾಲ್. 1913ರಲ್ಲಿ ನ್ಯೂಯಾರ್ಕಿಗೆ ಬಂದಿಳಿದ ಅಂಬೇಡ್ಕರ್ ಮೊದಲ ಕೆಲವು ದಿನ ಕಳೆದದ್ದು ಅಲ್ಲಿ. ಆ ಮೊಮ್ಮಗನ ಹೆಂಡತಿ ಜೆರಾಲ್ಡಿನ್ ರಾಕ್‌ಫೆಲರ್ ಡಾಡ್ಜ್ ಹೆಸರಿನ ಪ್ರತಿಷ್ಠಾನ 1986ರಲ್ಲಿ ವಾಟರ್ಲೂ ವಿಲೇಜಿನಲ್ಲಿ ಆರಂಭಿಸಿದ್ದೇ ಡಾಡ್ಜ್ ಕಾವ್ಯೋತ್ಸವ. ನಮ್ಮ ಬಳಗದ ಹಳಬರು ಕೆಲವರು ಅಲ್ಲಿ ಹುಲ್ಲಿನ ಮೇಲೆ ಕೂತು ಕವಿತೆ ಕೇಳಿದವರು. ನ್ಯಾಯವಾಗಿ ಹೇಳಬೇಕೆಂದರೆ ಆ ದುಡ್ಡು ಆಕೆಯ ತವರಿನ ಎಣ್ಣೆಯ ದುಡ್ಡು, ಗಂಡನ ಮನೆಯ ತೋಟಾದ್ದಲ್ಲ. ಆದರೂ ಮನೆ ಒಂದೇ.

ಕಾವ್ಯದ ಮಾತು ಬಂದಾಗ ಕವಿಯ ತಾತನನ್ನೂ ಹೇಳಿಬಿಡುತ್ತೇನೆ. ಬರ್ಡನ್, ಬಾಕ್ಸರ್ ಇಬ್ಬರನ್ನೂ ಬದಿಗಿಟ್ಟು ಅಮೆರಿಕದ ಸೈನ್ಯ ಮೊದಲು ನೆಚ್ಚಿಕೊಂಡದ್ದು ಮೂರನೆಯ ದಾರಿಯನ್ನು. ಫಿಲಡೆಲ್ಫಿಯದ ಫ್ರಾಂಕ್‌ಫರ್ಡ್ ಶಸ್ತ್ರಾಗಾರದಲ್ಲಿದ್ದ ಎಸ್. ವಿ. ಬೆನೆ ಎಂಬ ಅಧಿಕಾರಿ ಕೇಪನ್ನು ತಾಮ್ರದ ಕೊಳವೆಯ ಒಳಗಡೆಯೇ ಬಟ್ಟಲಿನಂತೆ ಕೂರಿಸಿ ಹೊರಗಿನಿಂದ ಒತ್ತಿ ಬಿಗಿದ. ತಳ ನೋಡಿದರೆ ಬಿಲ್ಲೆಯೇ ಕಾಣುವುದಿಲ್ಲ, ನುಣ್ಣಗೆ. ಮತ್ತೆ ತುಂಬುವ ಮಾತೇ ಇಲ್ಲ. ಈತನ ಮೊಮ್ಮಕ್ಕಳಾದ ವಿಲಿಯಂ ರೋಸ್ ಬೆನೆ, ಸ್ಟೀಫನ್ ವಿನ್ಸೆಂಟ್ ಬೆನೆ ಇಬ್ಬರೂ ಕವಿಗಳು, ಇಬ್ಬರಿಗೂ ಪುಲಿಟ್ಜರ್ ಬಂದಿದೆ. ಚಿಕ್ಕವನಿಗೆ ತಾತನದೇ ಹೆಸರು, ಅಂತರ್ಯುದ್ಧದ ಮೇಲೆಯೇ ಬರೆದ ಮಹಾಕವನಕ್ಕೆ ಬಹುಮಾನ. ಅಜ್ಜನ ತಾಮ್ರದ ತೋಟಾಗಳಿಗೆ ಅಷ್ಟು ಒಳ್ಳೆಯ ಹೆಸರು ಬರಲಿಲ್ಲ. 1876ರಲ್ಲಿ ಮೊಂಟಾನದ ಲಿಟಲ್ ಬಿಗ್‌ಹಾರ್ನ್ ಬಯಲಲ್ಲಿ ಲಕೋಟ, ಶಯೆನ್ ಪಡೆಗಳ ಎದುರು ಕಸ್ಟರನ ತುಕಡಿ ನಿರ್ನಾಮವಾದಾಗ, ಬಿಸಿಯಾದ ನಳಿಗೆಯೊಳಗೆ ಮೆತ್ತನೆ ತಾಮ್ರ ಕಚ್ಚಿಕೊಂಡು ಬಂದೂಕುಗಳು ಕೈಕೊಟ್ಟವೆಂದು ಹೇಳುತ್ತಾ ಬಂದರು.

ನಿಜವೇ? ಅದನ್ನು ತಿಳಿಯಲು ಕೊನೆಗೆ ನೆರವಾದದ್ದು ಖಾಲಿ ತೋಟಾಗಳ ವಿಂಗಡಣೆಯೇ. 1983ರಲ್ಲಿ ಕಾಳ್ಗಿಚ್ಚು ಹಬ್ಬಿ ಆ ಬಯಲಿನ ಹುಲ್ಲೆಲ್ಲ ಸುಟ್ಟಿತು. ಮರುವರ್ಷದಿಂದ ಡಗ್ಲಸ್ ಸ್ಕಾಟ್, ರಿಚರ್ಡ್ ಫಾಕ್ಸ್ ಎಂಬ ಪುರಾತತ್ವಜ್ಞರು ಲೋಹಶೋಧಕ ಹಿಡಿದು ನೆಲವನ್ನು ಬಾಚಿದರು. ಸಿಕ್ಕಿದ ಪ್ರತಿಯೊಂದು ತೋಟಾದ ತಳದಲ್ಲಿ ಬಂದೂಕಿನ ಮೊಳೆ ಬಡಿದ ಗುರುತನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ, ಇದು ಆ ಬಂದೂಕಿನದು, ಅದು ಈ ಬಂದೂಕಿನದು ಎಂದು ಬೇರ್ಪಡಿಸಿದರು. ಒಂದೇ ಬಂದೂಕಿನ ತೋಟಾಗಳು ಎಲ್ಲೆಲ್ಲಿ ಬಿದ್ದಿದ್ದವೆಂದು ನೋಡಿ ಒಬ್ಬೊಬ್ಬನ ಓಡಾಟವನ್ನೇ ಗೆರೆ ಎಳೆದು ತೋರಿಸಿದರು. ಚಾಕುವಿನಿಂದ ಮೀಟಿ ತೆಗೆದ ಗೀರುಳ್ಳ ತೋಟಾಗಳು ಸಿಕ್ಕವು, ಆದರೆ ಬಹಳ ಕಡಿಮೆ. ಕಸ್ಟರ್ ಸೋತದ್ದು ತಾಮ್ರದಿಂದಲ್ಲ. ಅದೇನೇ ಇರಲಿ, 1880ರ ದಶಕದ ಆರಂಭಕ್ಕೆ ಸೈನ್ಯ ಬೆನೆಯ ಬಟ್ಟಲು ಬಿಟ್ಟು ಬಾಕ್ಸರ್ ಬಗೆಯ ಕೇಪಿಗೆ ತಿರುಗಿತು. ಸಿಪಾಯಿಗಳಿಗೆ ಗುರಿ ಅಭ್ಯಾಸ ಹೆಚ್ಚಾಗಿತ್ತು, ಖರ್ಚು ಉಳಿಸಬೇಕಿತ್ತು. ಕೊಳವೆ ಮತ್ತೆ ತುಂಬುವ ಸಲಕರಣೆಗಳನ್ನು ಶಸ್ತ್ರಾಗಾರವೇ ತುಕಡಿಗಳಿಗೆ ಕಳಿಸಿಕೊಟ್ಟಿತು. ನಮ್ಮ ಹಿರಿಯರ ನೆಲಮಾಳಿಗೆಯ ಹವ್ಯಾಸಕ್ಕೆ ಹೀಗೆ ಸರ್ಕಾರಿ ಪೂರ್ವಜರೂ ಇದ್ದಾರೆ.

ಇಷ್ಟು ಓದಿದ ಮೇಲೆ ಮನಸ್ಸು ತಾನಾಗಿ ಊರ ಕಡೆ ಹೋಯಿತು. ಬಾಕ್ಸರ್ ತನ್ನ ಕೇಪು ಮಾಡಿದ್ದು ಯಾವ ಬಂದೂಕಿಗೆ ಗೊತ್ತೇ? ಸ್ನೈಡರ್ ಪದ್ಧತಿಯಲ್ಲಿ ಹಿಂಬದಿ ಕೊಯ್ದು ಮುಚ್ಚಳ ಕೂರಿಸಿದ ಎನ್‌ಫೀಲ್ಡಿಗೆ. ಕೊಬ್ಬು ಸವರಿದ ಕಾಗದದ ತೋಟಾದಿಂದ 1857ರ ದಂಗೆಗೆ ಕಿಡಿ ಹಚ್ಚಿದ ಅದೇ ಎನ್‌ಫೀಲ್ಡಿಗೆ! ಒಂಬತ್ತು ವರ್ಷದಲ್ಲಿ ಹಲ್ಲಿಂದ ಕಚ್ಚಿ ಹರಿಯುವ ಕಾಗದದ ತೋಟಾ ಹೋಗಿ ಲೋಹದ್ದು ಬಂತು. ಭಾರತೀಯ ಸಿಪಾಯಿಗೆ ಅದು ಸಿಕ್ಕಿದ್ದು ಮಾತ್ರ ಬಿಳಿ ಸಿಪಾಯಿಗೆ ಅದಕ್ಕಿಂತ ಹೊಸದು ಬಂದ ಮೇಲೆ. ದಂಗೆಯ ನಂತರ ಕರಿಯರ ಕೈಯಲ್ಲಿ ಯಾವಾಗಲೂ ಒಂದು ಮೆಟ್ಟಿಲು ಹಿಂದಿನ ಬಂದೂಕಿರಲಿ ಎಂಬುದು ಆಳುವವರ ಎಚ್ಚರಿಕೆ.

ಸಾಮಾನ್ಯರ ಕೈಯಲ್ಲಂತೂ ಏನೂ ಬೇಡವೆಂದು 1857ರಲ್ಲೇ ನಿಶ್ಶಸ್ತ್ರೀಕರಣದ ಕಾಯಿದೆ ಬಂತು. ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲವೆಂದರು. ಅದೇ ನವೆಂಬರಿನಲ್ಲಿ ಕುಂಪಣಿಯ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು, ಸಿಕ್ಕಿದವರಲ್ಲಿ ಹಲವರನ್ನು ನೇಣಿಗೆ ಹಾಕಿತು. ಶಾಸನತಜ್ಞ ಫ್ಲೀಟ್ ಸಂಗ್ರಹಿಸಿದ ಲಾವಣಿಯಿಂದಾಗಿ ಅದು ನಮ್ಮ ಪಠ್ಯಪುಸ್ತಕದವರೆಗೆ ಬಂದಿದೆ, ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಆದರೆ ಅದೇ ಕಾಯಿದೆಯಿಂದ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟನೆಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡುವುದು ಕಡಿಮೆ. ಬ್ರಿಟಿಷರಿಗೆ ನಿಷ್ಠರಾಗಿದ್ದರೆಂದು ಕೊಟ್ಟ ಮನ್ನಣೆ ಅದು. ಹಲಗಲಿಯವನು ಒಪ್ಪಿಸದೆ ಸತ್ತ, ಕೊಡವ ಒಪ್ಪಿಸಬೇಕಾಗಿ ಬರಲಿಲ್ಲ. ಕೊಡಗಿನ ವಿನಾಯಿತಿ ಹೆಸರು ಬದಲಿಸುತ್ತಾ ಇಂದಿಗೂ ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ, ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಿಗೆ ಎರಡು. ಇದರಲ್ಲಿ ನನಗೆ ಕೊಡವರ ಮೇಲೆ ಕೊಂಕಿಲ್ಲ. ಕಾಯಿದೆ ಬರೆದವರ ಲೆಕ್ಕಾಚಾರ ಮಾತ್ರ ಕಾಣಬೇಕೆಂದು ಹೇಳಿದೆ.

ಮಿಕ್ಕ ನಮಗೆಲ್ಲ ಪರವಾನಗಿ ಪುಸ್ತಕ. ನನ್ನ ತಾತನ ಹತ್ತಿರ ಒಂದು ಕೇಪಿನ ಕೋವಿ ಇತ್ತು, ಗದ್ದೆಗೆ ಬರುವ ಹಂದಿಗೆಂದು. ಚುನಾವಣೆ ಬಂತೆಂದರೆ ಅದನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ಬರಬೇಕು, ಮುಗಿದ ಮೇಲೆ ತರಬೇಕು. ಚಿಕ್ಕಪ್ಪನಿಗೆ ತೋಟಾ ಕೋವಿಯ ಪರವಾನಗಿ ಸಿಕ್ಕಿತು. ಹನ್ನೆರಡು ನಂಬರಿನ ತೋಟಾ ಎಷ್ಟು ಕೊಂಡರೆಂದು ಅಂಗಡಿಯವರು ಪುಸ್ತಕದಲ್ಲಿ ಬರೆದು ಕೊಡುತ್ತಿದ್ದರು. ಆದ್ದರಿಂದ ಹಾರಿಸಿದ ತೋಟಾವನ್ನು ಯಾರೂ ಬಿಸಾಡುತ್ತಿರಲಿಲ್ಲ. ಹೊಸ ಕೇಪು ಹೇಗೋ ಸಿಕ್ಕರೆ ಮನೆಯಲ್ಲೇ ತುಂಬುತ್ತಿದ್ದರು. ಸಿಗದಿದ್ದರೆ ಖಾಲಿ ತೋಟಾ ನಮ್ಮ ಸೀಟಿಯಾಗುತ್ತಿತ್ತು. ಅಲ್ಲಿ ಮತ್ತೆ ತುಂಬುವುದೆಂದರೆ ಕಣ್ಣು ತಪ್ಪಿಸಿ ಮಾಡುವ ಕೆಲಸ. ಇಲ್ಲಿ ಅದಕ್ಕೆಂದೇ ಅಂಗಡಿ, ಪುಸ್ತಕ, ಯಂತ್ರ ಎಲ್ಲ ಇವೆ. ಅದೇ ಹಿತ್ತಾಳೆ, ಅದೇ ಕೈಕೆಲಸ.

ಸರಿ, ಮೂಲ ಪ್ರಶ್ನೆ ಹಾಗೇ ಉಳಿಯಿತು. ಎರಡು ಅಳತೆ ಯಾಕೆ? ಸ್ಥೂಲವಾಗಿ ಹೇಳುವುದಾದರೆ ದೊಡ್ಡ ಹೊಟ್ಟೆಗೆ ದೊಡ್ಡ ಕಿಡಿ. ಮದ್ದು ಹೆಚ್ಚಿರುವ ಅಗಲ ತೋಟಾಗಳಿಗೆ ದೊಡ್ಡ ಕೇಪು, .32, .38, 9 ಮಿಲಿಮೀಟರಿನಂಥ ಸಣ್ಣವಕ್ಕೆ ಚಿಕ್ಕದು. 1911ರ ಮಾರ್ಚ್ 29ರಂದು ಸೈನ್ಯ ಜಾನ್ ಬ್ರೌನಿಂಗನ ಪಿಸ್ತೂಲನ್ನು ಒಪ್ಪಿಕೊಂಡಾಗ ಅದರ .45 ತೋಟಾ ದೊಡ್ಡವರ ಸಾಲಿಗೇ ಸೇರಿತು. ಒಂದು ಶತಮಾನದ ಹತ್ತಿರ ಯಾರೂ .45ರ ತಳ ತಿರುಗಿಸಿ ನೋಡುವ ಅಗತ್ಯವೇ ಇರಲಿಲ್ಲ.

ನಡುವೆ ಎರಡನೆಯ ಮಹಾಯುದ್ಧದಲ್ಲಿ ಹಿತ್ತಾಳೆಗೇ ಬರ ಬಂತು. ತೋಟಾದ ಹಿತ್ತಾಳೆಯೆಂದರೆ ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಸತು. ಇಂಡಿಯಾನದ ಇವಾನ್ಸ್‌ವಿಲ್ಲಿನಲ್ಲಿ ಕ್ರೈಸ್ಲರ್ ಕಾರಿನ ಕಾರ್ಖಾನೆ ತೋಟಾ ಕಾರ್ಖಾನೆಯಾಗಿ 300 ಕೋಟಿಗೂ ಹೆಚ್ಚು ತೋಟಾ ಮಾಡಿತು. ಹೆಚ್ಚಿನವು .45, ಹೆಚ್ಚಿನವು ಉಕ್ಕಿನ ಕೊಳವೆಯವು. ತಾಮ್ರ ಉಳಿಸಲು 1943ರ ಪೆನ್ನಿ ನಾಣ್ಯವನ್ನೂ ಉಕ್ಕಿನಲ್ಲಿ ಹೊಡೆದರು. ಮುಂದಿನ ವರ್ಷದಿಂದ 1946ರವರೆಗಿನ ಪೆನ್ನಿಗಳಿಗೆ ಹಾರಿಸಿದ ತೋಟಾಗಳ ಹಿತ್ತಾಳೆಯನ್ನು ಕರಗಿಸಿ ಬಳಸಿದರು. ಮನೆಯಲ್ಲಿ ಚಿಲ್ಲರೆ ಡಬ್ಬವಿದ್ದರೆ ಮಕ್ಕಳಿಗೆ ಹುಡುಕಲು ಹಚ್ಚಿ, ಒಂದು ಸಂಜೆ ಕಳೆಯುತ್ತದೆ.

ಅಳತೆ ಕೆಡಿಸಿದ್ದು ಕೊನೆಗೆ ರಸಾಯನಶಾಸ್ತ್ರ. ಫೋರ್ಸಿತ್ ಕಾಲದ ನಂತರ ಕೇಪಿನ ಮದ್ದಾಗಿ ನೆಲೆನಿಂತದ್ದು ಪಾದರಸದ ಫಲ್ಮಿನೇಟ್. ಹೊಗೆ ಕಕ್ಕುವ ಕರಿಮದ್ದು ಇರುವತನಕ ಪಾದರಸ ಮಸಿಯಲ್ಲಿ ಬೆರೆತುಹೋಗುತ್ತಿತ್ತು. 1890ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಂದಾಗ ಅದು ನೇರ ಹಿತ್ತಾಳೆಗೆ ಇಳಿದು ಕೊಳವೆ ಹಪ್ಪಳದಂತೆ ಒಡೆಯತೊಡಗಿತು, ಮತ್ತೆ ತುಂಬಲು ಬರದಂತಾಯಿತು. ಪಾದರಸ ಬಿಟ್ಟು ಪೊಟ್ಯಾಸಿಯಂ ಕ್ಲೋರೇಟಿಗೆ ಹೋದರು. ಹಿತ್ತಾಳೆ ಉಳಿಯಿತು, ಆದರೆ ಸುಟ್ಟ ಮೇಲೆ ಉಳಿಯುವ ಉಪ್ಪು ನಳಿಗೆಯನ್ನು ತುಕ್ಕು ಹಿಡಿಸಿತು. ಅದನ್ನೂ ಬಿಟ್ಟು ಸೀಸದ ಸ್ಟಿಫ್ನೇಟಿಗೆ ಬಂದರು. ಕೊಳವೆಯೂ ಉಳಿಯಿತು, ನಳಿಗೆಯೂ ಉಳಿಯಿತು. ಈಗ ಕೆಡುವ ಸರದಿ ಮನುಷ್ಯನದು. ಮುಚ್ಚಿದ ಗುರಿ ಅಂಗಣಗಳಲ್ಲಿ ಪ್ರತಿ ಹೊಡೆತಕ್ಕೂ ಸೀಸದ ಸಣ್ಣ ಹೊಗೆ. ಅಲ್ಲಿ ದಿನವಿಡೀ ನಿಂತು ಕಲಿಸುವ ತರಬೇತುದಾರ, ಸಂಜೆ ನೆಲ ಗುಡಿಸುವವನು ಅದನ್ನು ಉಸಿರಾಡುತ್ತಾರೆ. 1978ರಲ್ಲಿ ಕಾರ್ಮಿಕರ ಸುರಕ್ಷತಾ ಇಲಾಖೆ ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೊಗ್ರಾಂ ಸೀಸವೇ ಮಿತಿ ಎಂದು ಕಟ್ಟುಮಾಡಿತು. ಕಂಪನಿಗಳು ಸೀಸವಿಲ್ಲದ ಕೇಪು ಮಾಡಲು ಹೊರಟವು. ಹಾಗೆ ಬಂದ .45 ತೋಟಾಗಳಲ್ಲಿ, ಫೆಡರಲ್ ಕಂಪನಿಯ 'ಎನ್‌ಟಿ' ಗುರುತಿನವು ಸೇರಿ, ಚಿಕ್ಕ ಕೇಪು ಕಾಣಿಸಿಕೊಂಡಿತು. ಆಮೇಲೆ ಸೀಸವಿರುವ ಅಗ್ಗದ .45 ತೋಟಾಗಳಲ್ಲೂ ಕೆಲವು ಕಂಪನಿಗಳು ಚಿಕ್ಕದನ್ನೇ ಕೂರಿಸಿದವು. ಒಂದೇ ಅಳತೆ ಸಾಕಾದರೆ ಕಾರ್ಖಾನೆಗೆ ಹಗುರ.

ಹಾರಿಸುವವನಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಾದದ್ದು ನೆಲದಿಂದ ಹೆಕ್ಕಿ ಮತ್ತೆ ತುಂಬುವವನಿಗೆ, ಯಂತ್ರದ ಹಿಡಿ ಅರ್ಧದಲ್ಲಿ ಸಿಕ್ಕಿ ನಿಂತಾಗ. ನಮ್ಮ ಹಿರಿಯರು ಮೊದಲ ಸಲ ಸಿಕ್ಕಿಬಿದ್ದಾಗ ಬೈದುಕೊಂಡು ಚಿಕ್ಕ ಕೇಪಿನವನ್ನೆಲ್ಲ ಗುಜರಿಗೆ ಹಾಕಿದರಂತೆ. ಕೋವಿಡ್ ಬಂದಾಗ ಅದಕ್ಕೆ ಪಶ್ಚಾತ್ತಾಪಪಟ್ಟರು. 2020ರಲ್ಲಿ ಟಾಯ್ಲೆಟ್ ಕಾಗದದಂತೆ ಪ್ರೈಮರುಗಳೂ ಅಂಗಡಿಯಿಂದ ಮಾಯವಾದವು. ಇವರ ಬಳಿ ಉಳಿದಿದ್ದದ್ದು ಚಿಕ್ಕವೇ. ಆಗ ತಿಳಿಯಿತು, .45 ಚಿಕ್ಕ ಕಿಡಿಗೂ ಚೆನ್ನಾಗಿಯೇ ಹೊತ್ತುತ್ತದೆ. ಅಂದಿನಿಂದ ಎರಡು ಡಬ್ಬ, ಎರಡಕ್ಕೂ ಸಮಾನ ಮರ್ಯಾದೆ. ವಿಂಗಡಿಸುವಾಗ ಕೈಗವಸು ಹಾಕಿಕೊಳ್ಳುತ್ತಾರೆ, ಉಜ್ಜುವ ಪುಡಿಯನ್ನು ಮನೆಯೊಳಗೆ ಕೊಡವುವುದಿಲ್ಲ. ರಕ್ತದಲ್ಲಿ ಸೀಸ ಹೆಚ್ಚಾಗಿದೆಯೆಂದು ವೈದ್ಯರು ಒಮ್ಮೆ ಹೇಳಿದ ಮೇಲೆ ಬಂದ ಶಿಸ್ತು. ಮೊಮ್ಮಕ್ಕಳು ಬಂದರೆ ನೆಲಮಾಳಿಗೆಗೆ ಬೀಗ.

ಮೂರನೆಯ ಡಬ್ಬ ಮುಗಿಯುತ್ತಾ ಬಂದಾಗ ಬೇರೆ ಅಳತೆಯದೊಂದು ಕೈಗೆ ಬಂತು, 9 ಮಿಲಿಮೀಟರಿನದು. ತಳದ ಮುದ್ರೆ ಅಮೆರಿಕದ್ದಲ್ಲ. ಬಿಲ್ಲೆಯೇನೋ ಚಿಕ್ಕದೇ. ಬಲಕ್ಕೆ ಹಾಕಲು ಹೋದವನನ್ನು ಅವರು ತಡೆದು, ಟಾರ್ಚ್ ಕೊಟ್ಟು "ಒಳಗೆ ನೋಡು" ಎಂದರು. ಬಗ್ಗಿ ನೋಡಿದೆ. ನಡುವೆ ತೂತಿಲ್ಲ. ಮೊನೆಯ ಅಕ್ಕಪಕ್ಕ ಸೂಜಿಮೊನೆಯಷ್ಟು ಎರಡು ತೂತು, ಹಾವಿನ ಕಣ್ಣಿನ ಹಾಗೆ. ಇಂಥದ್ದು ಎರಡು ಸಲ ತಮ್ಮ ಯಂತ್ರದ ಕಡ್ಡಿ ಮುರಿದಿದೆ ಎಂದರು. ಬರ್ಡನ್, ನ್ಯೂಯಾರ್ಕಿನವನು ಎಂದೆ ನಾನು, ಓದಿದ್ದ ಹುಮ್ಮಸ್ಸಿನಲ್ಲಿ. "ಇರಬಹುದು, ನಾವು ಇದನ್ನು ಫಾರಿನ್ ಎಂದೇ ಕರೆಯುವುದು" ಎಂದು ಹೇಳಿ ನನ್ನ ಕೈಯಿಂದ ತೆಗೆದುಕೊಂಡು ಗುಜರಿಯ ಬಕೆಟ್ಟಿಗೆ ಎಸೆದರು.